ಕಡಲಿಗಿಳಿದ ಬೋಗಿಗಳು



ಈ ವಾರ ಒಬ್ಬ ಛಾಯಾಗ್ರಾಹಕರ ಕೆಲಸದ ಬಗ್ಗೆ ಮಾತಾಡೋಣ ಎಂದುಕೊಂಡಿದ್ದೇನೆ. ರೇಡಿಯೋದಲ್ಲಿ ಕೂತು ಛಾಯಾಚಿತ್ರದ ಬಗ್ಗೆ ಹೇಳುವುದು ತಮಾಷೆಯ ಕೆಲಸವೇ ಸರಿ. ತೋರಿಸಲಾಗದ್ದನ್ನು ಹೇಳಿ ಮುಗಿಸಬೇಕು. ಆದರೆ ಇದು ಮಹಾನಗರದಲ್ಲಿರುವ ನಮ್ಮಂಥವರಿಗೆ ಸುಲಭವಾಗಿ ಕಣ್ಣಿಗೆ ಕಟ್ಟುವ ಚಿತ್ರ. ನೀವು ದಿನಾ ಹತ್ತುವ ಲೋಕಲ್ಲನ್ನೋ ಮೆಟ್ರೋವನ್ನೋ ನೆನಪಿಸಿಕೊಳ್ಳಿ. ಅದರ ಒಂದೇ ಒಂದು ಬೋಗಿ. ಅದಕ್ಕೆ ಚಕ್ರವಿಲ್ಲ, ಬಾಗಿಲಿಲ್ಲ, ಕಿಟಕಿಗೆ ಗಾಜಿಲ್ಲ, ಒಳಗೆ ಸೀಟಿಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರವೂ ನೀಲಿ ಕಡಲು. ಆ ಬೋಗಿ ದೊಡ್ಡದೊಂದು ಬಾರ್ಜಿನ ಅಂಚಿನಿಂದ ಜಾರಿ ಅರ್ಧ ಗಾಳಿಯಲ್ಲಿ, ಅರ್ಧ ನೀರಿನಲ್ಲಿ ಇದೆ. ಕಿಟಕಿಯಿದ್ದ ಕಂಡಿಗಳಿಂದ ನೀರು ಕಾರಂಜಿಯಂತೆ ಚಿಮ್ಮುತ್ತಿದೆ. ಸ್ವಲ್ಪ ಹೊತ್ತಿನ ನಂತರ ಬಂದು ನೋಡಿದರೆ ಆ ಜಾಗದಲ್ಲಿ ಬರೀ ಅಲೆ.

ಈ ಚಿತ್ರಗಳನ್ನು ತೆಗೆದವರು ನ್ಯೂಯಾರ್ಕಿನ ಸ್ಟೀಫನ್ ಮ್ಯಾಲನ್. ಸರಣಿಗೆ ಅವರಿಟ್ಟ ಹೆಸರು ‘ನೆಕ್ಸ್ಟ್ ಸ್ಟಾಪ್ ಅಟ್ಲಾಂಟಿಕ್’, ಅಂದರೆ ಮುಂದಿನ ನಿಲ್ದಾಣ ಅಟ್ಲಾಂಟಿಕ್ ಸಾಗರ. 2008ರಿಂದ 2010ರವರೆಗೆ ಅವರು ಈ ಕೆಲಸ ಮಾಡಿದರು. 2019ರಲ್ಲಿ ನ್ಯೂಯಾರ್ಕಿನ ಸಾರಿಗೆ ವಸ್ತುಸಂಗ್ರಹಾಲಯವೇ ತನ್ನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಗ್ಯಾಲರಿಯಲ್ಲಿ ಇವನ್ನು ಪ್ರದರ್ಶನಕ್ಕಿಟ್ಟಿತು. ಗಾಡಿ ಹಿಡಿಯಲು ಓಡುವ ಜನ ಅಲ್ಲೇ ನಿಂತು, ಸಮುದ್ರಕ್ಕೆ ಬೀಳುತ್ತಿರುವ ತಮ್ಮದೇ ಹಳೆಯ ಗಾಡಿಯನ್ನು ನೋಡಬಹುದಿತ್ತು.

ಇದನ್ನು ನೋಡಿದವರಲ್ಲಿ ಸಾಮಾನ್ಯವಾಗಿ ಎರಡು ಪಂಗಡ. ‘ಅಯ್ಯೋ, ಕಡಲನ್ನು ತಿಪ್ಪೆ ಮಾಡಿದರಲ್ಲ’ ಎನ್ನುವವರು ಒಂದು ಕಡೆ. ಕೆಳಗಿನ ಅಡಿಬರಹ ಓದಿ ‘ಓಹೋ, ಮೀನಿಗೆ ಮನೆಯಂತೆ, ಎಷ್ಟು ಒಳ್ಳೆಯ ಉಪಾಯ’ ಎನ್ನುವವರು ಇನ್ನೊಂದು ಕಡೆ. ಚಿತ್ರ ಮಾತ್ರ ಎರಡೂ ಪಂಗಡಕ್ಕೆ ಒಂದೇ. ಯಾರು ಸರಿ ಎಂದು ಅದು ಹೇಳುವುದಿಲ್ಲ. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೇ ಅಲ್ಲಿ. ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ನ್ಯೂಯಾರ್ಕಿನ ಸುರಂಗ ರೈಲಿಗೆ ‘ರೆಡ್‌ಬರ್ಡ್’ ಎಂಬ ಅಡ್ಡಹೆಸರಿನ ಬೋಗಿಗಳಿದ್ದವು. 1950ರ ದಶಕದ ಕೊನೆ, 60ರ ದಶಕದ ಮೊದಲಲ್ಲಿ ತಯಾರಾದವು. ನಮ್ಮ ಮುಂಬಯಿ ಲೋಕಲ್ಲಿನ ಬೋಗಿಗಿಂತ ನಾಲ್ಕೈದು ಮೀಟರ್ ಗಿಡ್ಡ, ಅಗಲವೂ ಕಡಿಮೆ. ಹುಟ್ಟುವಾಗ ಅವು ‘ಕೆಂಪು ಹಕ್ಕಿ’ಗಳೇನೂ ಆಗಿರಲಿಲ್ಲ. ಆ ಬಣ್ಣ ಬಂದದ್ದು 1980ರ ದಶಕದಲ್ಲಿ. ಆ ಕಾಲದಲ್ಲಿ ನ್ಯೂಯಾರ್ಕಿನ ಗಾಡಿಗಳ ಮೈಯೆಲ್ಲ ಸ್ಪ್ರೇ ಬಣ್ಣದ ಬರಹ, ಅದೇ ಗ್ರಾಫಿಟಿ. ಸಾರಿಗೆ ಸಂಸ್ಥೆಯ ಅಧ್ಯಕ್ಷರಾಗಿ ಬಂದ ಡೇವಿಡ್ ಗನ್ ಎಂಬುವರು, ಬರೆದ ಗಾಡಿ ಹಳಿ ಮೇಲೆ ಬರಲೇಕೂಡದು ಎಂದು ಹಠ ಹಿಡಿದರು. ಗಾಢ ಕೆಂಪು ಬಣ್ಣ ಬಳಿಸಿದರು. 1989ರ ಮೇ ತಿಂಗಳಲ್ಲಿ ಬರಹವಿದ್ದ ಕೊನೆಯ ಗಾಡಿಯನ್ನು ಓಟದಿಂದ ತೆಗೆದರು. ಹೀಗೆ ಬರಹ ಅಳಿಸಲು ಬಂದ ಬಣ್ಣವೇ ಗಾಡಿಯ ಹೆಸರಾಗಿ ಉಳಿಯಿತು. 2003ರ ನವೆಂಬರಿನಲ್ಲಿ ರೆಡ್‌ಬರ್ಡ್‌ಗಳ ಕೊನೆಯ ಓಟ ನಡೆಯಿತು, 7ನೆಯ ನಂಬರಿನ ಮಾರ್ಗದಲ್ಲಿ.

ಒಂದು ಸಾವಿರಕ್ಕೂ ಹೆಚ್ಚು ಬೋಗಿ. ಏನು ಮಾಡುವುದು? ಗುಜರಿಗೆ ಹಾಕೋಣವೆಂದರೆ ಒಂದು ತೊಡಕು. ಅವುಗಳ ಗೋಡೆ ಮತ್ತು ನೆಲದ ಒಳಪದರದಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇತ್ತು. ಕಲ್ನಾರಿನ ಎಳೆ ಗಾಳಿಯಲ್ಲಿ ಹಾರಿ ಶ್ವಾಸಕೋಶ ಸೇರಿದರೆ ಮಾರಕ. ಒಡೆಯುವ ಮೊದಲು ಅದನ್ನು ಎಚ್ಚರದಿಂದ ಬಿಡಿಸಬೇಕು, ಅದಕ್ಕೆ ಖರ್ಚು ಬಹಳ. ಆಗ ಸಾರಿಗೆ ಸಂಸ್ಥೆಯಲ್ಲಿ ಹಳೆಯ ಸಾಮಾನು ವಿಲೇವಾರಿ ನೋಡಿಕೊಳ್ಳುತ್ತಿದ್ದ ಮೈಕೇಲ್ ಜಾಕಿಯಾ ಮುಂದಿಟ್ಟದ್ದು ಕಡಲಿನ ದಾರಿ. ನೀರಿನಲ್ಲಿ ಮುಳುಗಿದ ಕಲ್ನಾರು ಗಾಳಿಗೆ ಹಾರುವುದಿಲ್ಲ ಎಂಬ ನೆಲೆಯಲ್ಲಿ ಅಮೆರಿಕದ ಪರಿಸರ ಸಂಸ್ಥೆಯ ಒಪ್ಪಿಗೆ ಸಿಕ್ಕಿತು. ಕೆಲವು ಪರಿಸರ ಸಂಘಟನೆಗಳು ಆಕ್ಷೇಪವೆತ್ತಿದವು. ನ್ಯೂಜೆರ್ಸಿ ಮೊದಲಿಗೆ ಹಿಂದೇಟು ಹಾಕಿತು. ‘ನಮಗೆ ಕೊಡಿ’ ಎಂದು ಮೊದಲು ಮುಂದೆ ಬಂದದ್ದು ಡೆಲಾವೇರ್ ಎಂಬ ಪುಟ್ಟ ರಾಜ್ಯ.

ಡೆಲಾವೇರ್‌ಗೆ ಏಕೆ ಬೇಕಿತ್ತು? ಅದರ ಕರಾವಳಿಯಾಚೆಯ ಕಡಲತಳ ಬಹುಪಾಲು ಮರಳು, ಕೆಸರು. ನಮ್ಮ ಕಾರವಾರ, ಭಟ್ಕಳದ ಕಡೆಯ ಹಾಗೆ ಅಲ್ಲಲ್ಲಿ ತಲೆಯೆತ್ತಿದ ಬಂಡೆಗಳಿಲ್ಲ. ಕಡಲಜೀವಿಗಳಲ್ಲಿ ಎಷ್ಟೋ ಜಾತಿಗಳಿಗೆ ಬದುಕು ಶುರುವಾಗಬೇಕಾದರೆ ಅಂಟಿಕೊಳ್ಳಲು ಗಟ್ಟಿಯಾದ ಮೈ ಬೇಕು. ಕಾರವಾರದವರು ನೀಲಿಕಲ್ಲು ಎನ್ನುತ್ತಾರಲ್ಲ, ಆ ಜಾತಿಯ ಚಿಪ್ಪುಗಳು ಹೀಗೆ ಅಂಟಿ ಬೆಳೆಯುತ್ತವೆ. ಅವು ಬಂದರೆ ಅವನ್ನು ತಿನ್ನುವ ಸಣ್ಣ ಜೀವಿಗಳು, ಏಡಿಗಳು. ಅವನ್ನು ತಿನ್ನಲು ಬ್ಲ್ಯಾಕ್ ಸೀ ಬಾಸ್, ಟಾಟೋಗ್ ಮುಂತಾದ ಮೀನು. ಜೊತೆಗೆ ಬೋಗಿಯೆಂದರೆ ಸೂರು, ಗೋಡೆ, ಕಂಡಿ ಎಲ್ಲ ಇರುವ ಟೊಳ್ಳು ಪೆಟ್ಟಿಗೆ. ದೊಡ್ಡ ಮೀನು ಅಟ್ಟಿಸಿಕೊಂಡು ಬಂದರೆ ಸಣ್ಣದು ನುಗ್ಗಿ ಅಡಗಲು ಇದಕ್ಕಿಂತ ಇನ್ನೇನು ಬೇಕು? ಇದನ್ನೇ ಕೃತಕ ಬಂಡೆಸಾಲು ಎನ್ನುವುದು.

2001ರ ಆಗಸ್ಟಿನಲ್ಲಿ ಮೊದಲ ಕಂತು ನೀರಿಗಿಳಿಯಿತು. ದಡದಿಂದ ಸುಮಾರು 16 ನಾಟಿಕಲ್ ಮೈಲಿ, ಅಂದರೆ 30 ಕಿಲೋಮೀಟರ್ ದೂರ. ಆಳ ಸುಮಾರು 80 ಅಡಿ. ಅಲ್ಲಿ ಒಟ್ಟು 700ಕ್ಕೂ ಹೆಚ್ಚು ಬೋಗಿಗಳು ಸೇರಿದವು. ಜಾಗದ ಹೆಸರೇ ರೆಡ್‌ಬರ್ಡ್ ರೀಫ್ ಆಯಿತು. ಆಮೇಲೆ ವರ್ಜೀನಿಯಾ, ದಕ್ಷಿಣ ಕೆರೊಲೈನಾ, ಜಾರ್ಜಿಯಾ, ಮೇರಿಲ್ಯಾಂಡ್ ಎಲ್ಲ ಪಾಲು ಕೇಳಿದವು. ಹಿಂಜರಿದಿದ್ದ ನ್ಯೂಜೆರ್ಸಿಯೂ ಬಂತು. 2010ರಲ್ಲಿ ಯೋಜನೆ ನಿಲ್ಲುವ ಹೊತ್ತಿಗೆ 2,500ಕ್ಕೂ ಹೆಚ್ಚು ಬೋಗಿಗಳು ಅಟ್ಲಾಂಟಿಕ್ಕಿನ ತಳದಲ್ಲಿದ್ದವು.

ಈಗ ಕ್ಯಾಮೆರಾದ ಹತ್ತಿರ ಬರೋಣ.

ಮ್ಯಾಲನ್ ಮೂಲತಃ ಕಾರ್ಖಾನೆ, ಹಡಗುಕಟ್ಟೆ, ಕ್ರೇನು ಇಂಥವನ್ನು ತೆಗೆಯುವವರು. ಅಮೆರಿಕದಲ್ಲಿ ಹಳೆಯ ಸಾಮಾನು ಮರುಬಳಕೆ ಆಗುವ ಜಾಗಗಳನ್ನು ಹುಡುಕಿಕೊಂಡು ಹೋಗುವ ದೊಡ್ಡ ಯೋಜನೆಯೊಂದು ಅವರಲ್ಲಿತ್ತು. ಬೋಗಿಗಳ ಸರಣಿ ಅದರ ಒಂದು ಭಾಗ. 2009ರ ಜನವರಿಯಲ್ಲಿ ಒಂದು ವಿಮಾನ ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿದು ಪ್ರಯಾಣಿಕರೆಲ್ಲ ಬದುಕಿದ್ದು ನಿಮಗೆ ನೆನಪಿರಬಹುದು. ಆ ವಿಮಾನವನ್ನು ನೀರಿನಿಂದ ಎತ್ತುವಾಗಲೂ ಅಲ್ಲಿ ಕ್ಯಾಮೆರಾ ಹಿಡಿದಿದ್ದವರು ಇವರೇ. ಒಂದು ಕಡೆ ನೀರಿನಿಂದ ಮೇಲೆ ಬರುವ ವಾಹನ, ಇನ್ನೊಂದು ಕಡೆ ನೀರಿಗೆ ಹೋಗುವ ವಾಹನ. ಒಂದೇ ಕಾಲದಲ್ಲಿ ಒಬ್ಬರಿಗೇ ಎರಡೂ ಒದಗಿದ್ದು ವಿಚಿತ್ರವೇ.

ಬೀಳುವ ಬೋಗಿಯ ಚಿತ್ರ ತೆಗೆಯುವುದು ಹೊರಗಿನಿಂದ ನೋಡಿದಷ್ಟು ಸುಲಭವಲ್ಲ. ಬೋಗಿಗಳನ್ನು ಮೊದಲು ಯಾರ್ಡಿನಲ್ಲಿ ಬಿಚ್ಚಿ, ಎಣ್ಣೆ ಜಿಡ್ಡು ಹೋಗುವಂತೆ ತೊಳೆದು, ಚಕ್ರದ ಚೌಕಟ್ಟು ಬೇರೆ ಮಾಡಿ ಬಾರ್ಜಿನ ಮೇಲೆ ಒಂದರ ಮೇಲೊಂದು ಪೇರಿಸುತ್ತಾರೆ. ಬಾರ್ಜಿಗೆ ಸ್ವಂತ ಎಂಜಿನ್ ಇಲ್ಲ, ಟಗ್ ದೋಣಿ ಎಳೆಯಬೇಕು. ಅದು ಬಂದರು ಬಿಟ್ಟು ನಿಗದಿತ ಜಾಗಕ್ಕೆ ತೆವಳಿಕೊಂಡು ಹೋಗುತ್ತದೆ. ಹವಾಮಾನ ಕೆಟ್ಟರೆ ಎಲ್ಲವೂ ಮುಂದಕ್ಕೆ. ಚಿತ್ರಗಳನ್ನು ನೋಡಿದರೆ ಕ್ಯಾಮೆರಾ ಬಹಳ ಸಲ ಬಾರ್ಜಿನ ಎದುರಿಗೆ, ನೀರಿನ ಮಟ್ಟಕ್ಕೆ ಹತ್ತಿರ, ಇನ್ನೊಂದು ದೋಣಿಯಲ್ಲಿ ಇದ್ದದ್ದು ತಿಳಿಯುತ್ತದೆ. ತಾನು ನಿಂತ ದೋಣಿಯೂ ಕುಣಿಯುತ್ತದೆ, ಎದುರಿನ ಬಾರ್ಜೂ ಕುಣಿಯುತ್ತದೆ. ಯಂತ್ರದ ತೋಳು ಬೋಗಿಯನ್ನು ಅಂಚಿಗೆ ತಂದು ತಳ್ಳುತ್ತದೆ. ಅಲ್ಲಿಂದ ನೀರು ಚಿಮ್ಮಿ ನಿಲ್ಲುವವರೆಗೆ ಸಿಗುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಇಂಥಲ್ಲಿ ಶಟರ್ ವೇಗ ಸೆಕೆಂಡಿನ ಸಾವಿರದ ಒಂದು ಪಾಲಿನ ಆಸುಪಾಸು ಇಲ್ಲದಿದ್ದರೆ ಹನಿಗಳೆಲ್ಲ ಹತ್ತಿ ಹಿಂಜಿದ ಹಾಗೆ ಮಸುಕಾಗಿ ಬಿಡುತ್ತವೆ. ‘ಇನ್ನೊಂದು ಸಲ ಮಾಡಿ ಸ್ವಾಮಿ’ ಎನ್ನುವ ಹಾಗೂ ಇಲ್ಲ. ಬೋಗಿ ಹೋಯಿತೆಂದರೆ ಹೋಯಿತು. ಮ್ಯಾಲನ್‌ರ ಚಿತ್ರಗಳಲ್ಲಿ ಒಂದೊಂದು ಹನಿಯೂ ಗಾಜಿನ ಚೂರಿನಂತೆ ಸ್ಪಷ್ಟ.

ನನಗೆ ಆ ಸರಣಿಯಲ್ಲಿ ಇನ್ನೂ ಹೆಚ್ಚು ಕಾಡುವುದು ಬೀಳುವ ಚಿತ್ರಗಳಲ್ಲ. ಬಾರ್ಜಿನ ಮೇಲೆ ಸುಮ್ಮನೆ ಸಾಲಾಗಿ ಪೇರಿಸಿಟ್ಟ ಬೋಗಿಗಳ ಚಿತ್ರಗಳು. ಏಕೆಂದರೆ ಅಲ್ಲಿ ಜನವೇ ಇಲ್ಲ. ಇದು ಏಕೆ ದೊಡ್ಡ ಮಾತು ಎನ್ನುತ್ತೀರೋ? ನ್ಯೂಯಾರ್ಕಿನ ಸುರಂಗ ರೈಲಿನಷ್ಟು ಕ್ಯಾಮೆರಾಕ್ಕೆ ಸಿಕ್ಕ ಗಾಡಿ ಜಗತ್ತಿನಲ್ಲಿ ಹೆಚ್ಚಿಲ್ಲ. 1938ರಿಂದ 1941ರವರೆಗೆ ವಾಕರ್ ಇವಾನ್ಸ್ ಎಂಬ ದೊಡ್ಡ ಛಾಯಾಗ್ರಾಹಕರು ಕೋಟಿನೊಳಗೆ ಕ್ಯಾಮೆರಾ ಅಡಗಿಸಿ, ಶಟರಿನ ತಂತಿಯನ್ನು ತೋಳಿನೊಳಗಿಂದ ಅಂಗೈಗೆ ತಂದುಕೊಂಡು, ಎದುರು ಸೀಟಿನವರ ಮುಖಗಳನ್ನು ಅವರಿಗೆ ಗೊತ್ತಾಗದಂತೆ ತೆಗೆದರು. ಆಯಾಸ, ಯೋಚನೆ, ತೂಕಡಿಕೆ. ಎಷ್ಟು ಸಂಕೋಚವಿತ್ತೋ ಏನೋ, ಆ ಚಿತ್ರಗಳು ಪುಸ್ತಕವಾಗಿ ಬಂದದ್ದು 1966ರಲ್ಲಿ. 1980ರಲ್ಲಿ ಬ್ರೂಸ್ ಡೇವಿಡ್‌ಸನ್ ಅದೇ ಗಾಡಿಗಳಲ್ಲಿ ಬಣ್ಣದ ಫಿಲ್ಮು ಹಾಕಿಕೊಂಡು ಓಡಾಡಿದರು. ಬರಹ ತುಂಬಿದ ಗೋಡೆಗೆ ಒರಗಿ ನಿಂತ ಜನ, ಭಯ, ಪ್ರೀತಿ ಎಲ್ಲವೂ ಅಲ್ಲಿವೆ. ಅದೇ ಕಾಲದಲ್ಲಿ ಮಾರ್ಥಾ ಕೂಪರ್ ಮತ್ತು ಹೆನ್ರಿ ಚಾಲ್‌ಫಂಟ್ ಗಾಡಿಯ ಹೊರಮೈಯ ಬರಹಗಳ ಬೆನ್ನು ಹತ್ತಿದ್ದರು. ಇವತ್ತು ಬರೆದದ್ದನ್ನು ನಾಳೆ ತೊಳೆಯುತ್ತಾರೆ, ಉಳಿಯುವುದು ಫೋಟೋ ಒಂದೇ. ಹೀಗೆ ಎಪ್ಪತ್ತು ವರ್ಷ ಮುಖ, ಮೈ, ಬರಹ ಎಂದು ತೆಗೆದ ಮೇಲೆ ಮ್ಯಾಲನ್‌ರ ಪಾಲಿಗೆ ಬಂದದ್ದು ಖಾಲಿ ಬೋಗಿ. ಹಳೆಯ ಚಿತ್ರಗಳ ಜೊತೆಗಿಟ್ಟು ನೋಡಿದಾಗ ಆ ಖಾಲಿತನದ ಭಾರ ತಿಳಿಯುತ್ತದೆ.

ಇನ್ನು ಆಗಲೇ ಎತ್ತಿದ ಪ್ರಶ್ನೆಗೆ ಬರುತ್ತೇನೆ. ಇದು ತಿಪ್ಪೆಯೋ, ಮನೆಯೋ?

ಇಲ್ಲಿ ಒಂದು ಸೂಕ್ಷ್ಮವಿದೆ. ರೆಡ್‌ಬರ್ಡ್‌ಗಳ ಕಾಲ 2003ಕ್ಕೇ ಮುಗಿದಿತ್ತು. ಮ್ಯಾಲನ್ ಕ್ಯಾಮೆರಾ ಹಿಡಿದು ಹೋಗುವ ಹೊತ್ತಿಗೆ, 2008ರಲ್ಲಿ, ನೀರಿಗೆ ಹೋಗುತ್ತಿದ್ದದ್ದು ಬೇರೆ ಜಾತಿಯ ಬೋಗಿಗಳು. ಹೊಳೆಯುವ ಸ್ಟೇನ್‌ಲೆಸ್ ಸ್ಟೀಲಿನವು. ಅವರ ಚಿತ್ರಗಳನ್ನು ನೋಡಿ: ಹೆಚ್ಚಿನವು ಬೆಳ್ಳಿ ಬಣ್ಣದವೇ. ನೀಲಿ ಕಡಲಿಗೆ ಬೆಳ್ಳಿಯ ಬೋಗಿ, ಕಣ್ಣಿಗೆ ಹಬ್ಬ. ಆದರೆ ಕೃತಕ ಬಂಡೆಸಾಲಿನ ಯಶಸ್ಸಿನ ಕಥೆ ಎಂದು ಎಲ್ಲರೂ ಹೇಳುತ್ತಿದ್ದದ್ದು ಡೆಲಾವೇರಿನ ಕೆಂಪು ಬೋಗಿಗಳದ್ದು. ಬೆಳ್ಳಿ ಬೋಗಿಗಳ ಕಥೆ ಹಾಗೆ ನಡೆಯಲಿಲ್ಲ.

ನ್ಯೂಜೆರ್ಸಿ 2008ರಲ್ಲಿ ಅಟ್ಲಾಂಟಿಕ್ ಸಿಟಿಯ ಹತ್ತಿರ ಸ್ಟೇನ್‌ಲೆಸ್ ಬೋಗಿಗಳನ್ನು ಇಳಿಸಿತು. ದಶಕಗಳ ಕಾಲ ನಿಲ್ಲುತ್ತವೆ ಎಂಬ ನಿರೀಕ್ಷೆ. ಕೆಲವೇ ತಿಂಗಳಲ್ಲಿ ಮುಳುಗುಗಾರರು ಹೋಗಿ ನೋಡಿದರೆ ಹೆಚ್ಚಿನವು ಕುಸಿದು ತಗಡಿನ ರಾಶಿಯಾಗಿದ್ದವು. ತುಕ್ಕು ಹಿಡಿಯದ ಸ್ಟೀಲಲ್ಲವೇ, ಏಕೆ ಹೀಗಾಯಿತು? ಹೊರಗಿನ ಹಾಳೆ ಸ್ಟೇನ್‌ಲೆಸ್, ಆದರೆ ಇಡೀ ಬೋಗಿ ಅದೇ ಲೋಹದ್ದಲ್ಲ. ಎರಡು ಬೇರೆ ಬೇರೆ ಲೋಹ ತಾಗಿಕೊಂಡು ಉಪ್ಪುನೀರಿನಲ್ಲಿ ಕೂತರೆ ಅದೊಂದು ಬ್ಯಾಟರಿಯಂತೆ; ಕೀಳು ಲೋಹ ಬೇಗ ಕರಗುತ್ತದೆ. ಹಾಳೆಗಳನ್ನು ಹಿಡಿದಿಟ್ಟ ಬೆಸುಗೆಯ ಜಾಗಗಳು ಸಡಿಲವಾದವು, ಅಲೆಯ ಹೊಡೆತ ಉಳಿದ ಕೆಲಸ ಮುಗಿಸಿತು. ದಪ್ಪ ಉಕ್ಕಿನ ಮಂಕು ರೆಡ್‌ಬರ್ಡ್ ತಡೆದುಕೊಂಡ ಕಡಲನ್ನು ಹೊಳೆಯುವ ಬೋಗಿ ತಡೆಯಲಿಲ್ಲ. ನ್ಯೂಜೆರ್ಸಿ ಇನ್ನು ಬೇಡ ಎಂದಿತು.

ಹಾಗೆಂದು ಫೋಟೋ ಸುಳ್ಳು ಹೇಳಿತು ಎನ್ನಲು ನಾನು ಸಿದ್ಧನಿಲ್ಲ. ಬೋಗಿ ಬಿದ್ದದ್ದು ನಿಜ, ಚಿಮ್ಮಿದ್ದು ನಿಜ. ತೊಡಕಿರುವುದು ಅದರ ಕೆಳಗಿನ ‘ಮೀನುಗಳ ಹೊಸ ಮನೆ’ ಎಂಬ ಸಾಲಿನಲ್ಲಿ. ಆ ಸಾಲನ್ನು ಸಾಬೀತು ಮಾಡುವ ಚಿತ್ರ ನೀರಿನ ಮೇಲೆ ಸಿಗುವುದಿಲ್ಲ. ಅದಕ್ಕೆ ಕೆಳಗಿಳಿಯಬೇಕು, ಒಂದು ಸಲವಲ್ಲ, ವರ್ಷ ವರ್ಷವೂ. ಮೇಲಿನ ಚಿತ್ರ ಸಾವಿರಾರು ಪತ್ರಿಕೆಗಳಿಗೆ ಹೋಗುತ್ತದೆ, ಕೆಳಗಿನ ಚಿತ್ರ ಯಾವುದೋ ಇಲಾಖೆಯ ವರದಿಯಲ್ಲಿ ಉಳಿಯುತ್ತದೆ. ಏಕೆಂದರೆ ಕೆಳಗಿನದು ಚೆನ್ನಾಗಿ ಕಾಣುವುದಿಲ್ಲ!

ಅದು ಏಕೆ ಚೆನ್ನಾಗಿ ಕಾಣುವುದಿಲ್ಲ ಎಂಬುದೂ ಕೇಳುವಂಥದ್ದೇ. ನೀರು ಬೆಳಕಿನ ಬಣ್ಣಗಳನ್ನು ಒಂದೊಂದಾಗಿ ನುಂಗುತ್ತದೆ. ಮೊಟ್ಟಮೊದಲು ಹೋಗುವುದು ಕೆಂಪು. ಐದಾರು ಮೀಟರ್ ಇಳಿಯುವಷ್ಟರಲ್ಲೇ ಅದು ಮಂಕಾಗುತ್ತದೆ, ಇನ್ನೂ ಕೆಳಗೆ ಕಂದು, ಬೂದು. 80 ಅಡಿ ಆಳದಲ್ಲಿ ಕೆಂಪು ಹಕ್ಕಿಯ ಕೆಂಪು ಕಣ್ಣಿಗೆ ಕಾಣುವುದೇ ಇಲ್ಲ. ಗ್ರಾಫಿಟಿಯನ್ನು ಗೆದ್ದ ಬಣ್ಣ ನೀರಿನ ಮುಂದೆ ಇಷ್ಟೇ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಹೋಗುವವರು ನಮ್ಮ ಕೇಳುಗರಲ್ಲೂ ಇರಬಹುದು. ಮುಂದಿನ ಸಲ ಕೈಗೆ ದೇವಸ್ಥಾನದ ಕೆಂಪು ದಾರ ಕಟ್ಟಿಕೊಂಡು ಇಳಿಯಿರಿ, ಎಲ್ಲಿಂದ ಅದು ಕಪ್ಪಾಗಿ ತೋರುತ್ತದೆ ನೋಡಿ. ಬಣ್ಣ ಮರಳಿ ಬೇಕಾದರೆ ಛಾಯಾಗ್ರಾಹಕ ತನ್ನ ಬೆಳಕನ್ನು ತಾನೇ ಒಯ್ಯಬೇಕು. ಫ್ಲ್ಯಾಶನ್ನು ಕ್ಯಾಮೆರಾದ ನೆತ್ತಿಯ ಮೇಲಿಟ್ಟರೆ ನೀರಿನಲ್ಲಿ ತೇಲುವ ಕಣಗಳೆಲ್ಲ ಮಂಜು ಸುರಿದಂತೆ ಹೊಳೆದು ಚಿತ್ರ ಕೆಡುತ್ತದೆ, ಅದಕ್ಕೆ ಉದ್ದ ತೋಳಿನ ಮೇಲೆ ಬದಿಗೆ ಕಟ್ಟುತ್ತಾರೆ. ಅಮೆರಿಕದ ಆ ಕರಾವಳಿಯ ನೀರು ಅಂಡಮಾನಿನ ನೀರಿನಂತೆ ತಿಳಿಯಲ್ಲ, ಹಸಿರು ಮಬ್ಬು. ಹದಿನೈದು ಮೀಟರಿನ ಬೋಗಿಯನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಹಿಂದೆ ಸರಿದರೆ ಬೋಗಿಯೇ ಮಾಯ. ಹೀಗಾಗಿ ಕೆಳಗಿನ ಚಿತ್ರಗಳೆಲ್ಲ ತುಂಡು ತುಂಡು: ಒಂದು ಬಾಗಿಲ ಕಂಡಿ, ಚಿಪ್ಪು ಮುಚ್ಚಿದ ಒಂದು ಮೂಲೆ, ಕತ್ತಲೆಯಿಂದ ಇಣುಕುವ ಒಂದು ಮೀನಿನ ಮೂತಿ.

ಇಡೀ ಬಂಡೆಸಾಲನ್ನು ಒಟ್ಟಿಗೆ ನೋಡಬೇಕಾದರೆ ಬೆಳಕನ್ನೇ ಬಿಟ್ಟು ಶಬ್ದದ ಮೊರೆ ಹೋಗಬೇಕು. ರೇಡಿಯೋದವರಿಗೆ ಸಂತೋಷದ ಸಂಗತಿ! ಡೆಲಾವೇರ್ ವಿಶ್ವವಿದ್ಯಾಲಯದ ಸಂಶೋಧಕರು ಸೋನಾರ್ ಇಟ್ಟು ರೆಡ್‌ಬರ್ಡ್ ರೀಫಿನ ನಕ್ಷೆ ತೆಗೆದಿದ್ದಾರೆ. ಶಬ್ದ ತಳಕ್ಕೆ ಬಡಿದು ಮರಳಿ ಬರುವುದರಿಂದ ಮೂಡುವ ಚಿತ್ರ ಅದು. ಮರಳಿನ ಬಯಲಿನಲ್ಲಿ ಬೆಂಕಿಕಡ್ಡಿ ಚೆಲ್ಲಿದ ಹಾಗೆ ಬೋಗಿಗಳು, ಪ್ರತಿಯೊಂದರ ಸುತ್ತ ನೀರಿನ ಸೆಳೆತ ಕೊರೆದ ಹೊಂಡ. 2012ರಲ್ಲಿ ಸ್ಯಾಂಡಿ ಚಂಡಮಾರುತ ಹಾದುಹೋದ ಮೇಲೆ ಮತ್ತೆ ನಕ್ಷೆ ತೆಗೆದರು. ತಳದ ಮರಳಿನ ಅಲೆಗಳು ದಿಕ್ಕು ಬದಲಿಸಿದ್ದವು. ಮೇಲೆ ಎದ್ದ ಗಾಳಿಯ ಗುರುತು 80 ಅಡಿ ಕೆಳಗೆ.

ಹಾಗಾದರೆ ಕೆಂಪು ಬೋಗಿಗಳ ಕಡೆ ಲೆಕ್ಕ ಏನು ಹೇಳುತ್ತದೆ? ಡೆಲಾವೇರಿನ ಅಧಿಕಾರಿಗಳು, ಆ ಜಾಗದಲ್ಲಿ ಚದರಡಿಗೆ ಸಿಗುವ ಮೀನಿನ ಆಹಾರ 400 ಪಟ್ಟು ಹೆಚ್ಚಿತು ಎಂದು 2008ರಲ್ಲಿ ಹೇಳಿದ್ದರು. ದೊಡ್ಡ ಸಂಖ್ಯೆ. ಆದರೆ ಅದು ಮೀನಿನ ಆಹಾರದ ಲೆಕ್ಕ, ಮೀನಿನ ಲೆಕ್ಕವಲ್ಲ. ಬರಿಯ ಮರಳಿಗೆ ಹೋಲಿಸಿದ ಲೆಕ್ಕ ಬೇರೆ. ವಿಜ್ಞಾನಿಗಳಲ್ಲಿ ಹಳೆಯ ಚರ್ಚೆಯೊಂದಿದೆ: ಇಂಥ ಕೃತಕ ಬಂಡೆಗಳಿಂದ ಮೀನು ಹೆಚ್ಚು ಹುಟ್ಟುತ್ತದೋ, ಅಥವಾ ಸುತ್ತ ಚದುರಿದ್ದ ಮೀನು ಒಂದೆಡೆ ಸೇರುತ್ತದೋ? ಎರಡನೆಯದಾದರೆ ಮೀನಿಗೆ ಮನೆ ಕಟ್ಟಿದ ಹಾಗಲ್ಲ, ಮೀನುಗಾರನಿಗೆ ವಿಳಾಸ ಕೊಟ್ಟ ಹಾಗೆ. ಗಾಳ ಹಾಕುವ ದೋಣಿಗಳು ರೆಡ್‌ಬರ್ಡ್ ರೀಫಿಗೆ ಮುಗಿಬಿದ್ದದ್ದಂತೂ ನಿಜ. ಎಲ್ಲಿ ಎಷ್ಟು ಹಿಡಿಯಬೇಕು ಎಂಬ ಕಟ್ಟುಪಾಡಿಲ್ಲದೆ ಬರೀ ಬೋಗಿ ಹಾಕಿದರೆ ಉಪಯೋಗವಿಲ್ಲ ಎನ್ನುವುದು ನನಗೆ ಕಂಡ ಮಟ್ಟಿಗೆ ಸರಿಯಾದ ಮಾತು.

ಇದೇ ಹೆಸರಿನಲ್ಲಿ ಬರೀ ಕಸವೇ ಆದದ್ದೂ ಉಂಟು. ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್ ಎಂಬಲ್ಲಿ 1970ರ ದಶಕದಲ್ಲಿ ಸುಮಾರು 20 ಲಕ್ಷ ಹಳೆಯ ಟಯರುಗಳನ್ನು ಕಟ್ಟು ಕಟ್ಟಿ ಮುಳುಗಿಸಿದರು. ಕಟ್ಟು ಬಿಚ್ಚಿಕೊಂಡಿತು. ಟಯರುಗಳು ಉರುಳಾಡಿ ಪಕ್ಕದ ನಿಜವಾದ ಹವಳವನ್ನೇ ಉಜ್ಜಿ ಹಾಳು ಮಾಡಿದವು. ಮುಳುಗಿಸಿದ್ದನ್ನು ಮತ್ತೆ ಎತ್ತಲು ಸೈನ್ಯದ ಮುಳುಗುಗಾರರನ್ನು ಕರೆಸಬೇಕಾಯಿತು. ಅಂದು ಆ ಟಯರು ಮುಳುಗಿಸುವಾಗಲೂ ಜನ ಚಪ್ಪಾಳೆ ತಟ್ಟಿದ್ದಿರಬೇಕು.

ನಮ್ಮ ದೇಶದಲ್ಲಿ ಈ ಕೆಲಸ ಬೇರೆ ದಾರಿ ಹಿಡಿದಿದೆ. ಚೆನ್ನೈಯಲ್ಲಿರುವವರಿಗೆ ಹತ್ತಿರದ ವಿಷಯ: ತಮಿಳುನಾಡಿನ ಕರಾವಳಿಯುದ್ದಕ್ಕೂ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಮಾರ್ಗದರ್ಶನದಲ್ಲಿ ಕಾಂಕ್ರೀಟಿನ ಬಂಡೆಗಳನ್ನು ಇಳಿಸಿದ್ದಾರೆ. ಒಂದು ತ್ರಿಕೋನ, ಒಂದು ಬಾವಿಯ ರಿಂಗಿನ ಹಾಗೆ. ಫೋಟೋಕ್ಕೆ ಏನೂ ಚಂದವಿಲ್ಲ. ಆದರೆ ಅದೇ ಕೆಲಸಕ್ಕೆಂದು ಮಾಡಿದ್ದು, ಇನ್ನೊಂದರ ವಿಲೇವಾರಿ ಅಲ್ಲ. ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಕರ್ನಾಟಕದ ಕರಾವಳಿಗೂ ಇಂಥವು ಮಂಜೂರಾಗಿವೆ. ವಾಹನ ಮುಳುಗಿಸುವ ಆಲೋಚನೆ ಬಂದದ್ದು ಈಚೆಗೆ. ನೌಕಾಪಡೆಯಿಂದ ನಿವೃತ್ತವಾದ ಗುಲ್ದಾರ್ ಎಂಬ ಹಡಗನ್ನು 2025ರಲ್ಲಿ ನಮ್ಮ ಕಾರವಾರದ ನೆಲೆಯಲ್ಲೇ ಮಹಾರಾಷ್ಟ್ರಕ್ಕೆ ಹಸ್ತಾಂತರಿಸಿದರು, ಸಿಂಧುದುರ್ಗದ ಕಡಲಲ್ಲಿ ನೀರಡಿಯ ವಸ್ತುಸಂಗ್ರಹಾಲಯವಾಗಲಿ ಎಂದು. ಅದರ ಚಿತ್ರಗಳು ನಿಮ್ಮ ಪತ್ರಿಕೆಯಲ್ಲಿ ಬಂದಾಗ ತಳದ ಚಿತ್ರವನ್ನೂ ಕೇಳಿ, ಐದು ವರ್ಷದ ನಂತರವೂ ಕೇಳಿ.

ನಮ್ಮ ರಸ್ತೆ ಮತ್ತು ಹಳಿಯ ಗಾಡಿಗಳ ಮುಪ್ಪು ಮಾತ್ರ ಬಹುಮಟ್ಟಿಗೆ ಗುಜರಿಯಲ್ಲೇ. ಅಪರೂಪಕ್ಕೆ ಒಂದೊಂದು ಉಳಿಯುತ್ತದೆ. 2020ರಲ್ಲಿ ಕೆಎಸ್‌ಆರ್‌ಟಿಸಿಯವರು ಹಳೆಯ ಬಸ್ಸೊಂದನ್ನು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಹೆಂಗಸರ ಶೌಚಾಲಯವಾಗಿ ಮಾಡಿ ನಿಲ್ಲಿಸಿದರು. ನನ್ನನ್ನು ಕೇಳಿದರೆ ಕಡಲಿನ ಬೋಗಿಗಿಂತ ಇದೇನೂ ಸಣ್ಣ ಸಂಗತಿಯಲ್ಲ, ಆದರೆ ಅದರ ಫೋಟೋ ಗ್ಯಾಲರಿಗೆ ಹೋಗುವುದಿಲ್ಲ. ಮುಂಬಯಿಯವರಿಗೆ 2016ರ ಏಪ್ರಿಲ್ ರಾತ್ರಿ ನೆನಪಿರಬಹುದು, ಹಾರ್ಬರ್ ಮಾರ್ಗದಲ್ಲಿ ಕೊನೆಯ ಡಿಸಿ ಲೋಕಲ್ ಓಡಿದ್ದು. 2023ರ ಸೆಪ್ಟೆಂಬರಿನಲ್ಲಿ ಬೆಸ್ಟ್‌ನ ಹಳೆಯ ಡಬಲ್ ಡೆಕ್ಕರಿಗೆ ಹೂವು ಕಟ್ಟಿ ಬೀಳ್ಕೊಟ್ಟದ್ದು. ಎರಡು ಸಲವೂ ಎಲ್ಲರ ಕೈಯಲ್ಲೂ ಕ್ಯಾಮೆರಾ, ಮೊಬೈಲು. ತೆಗೆದದ್ದೆಲ್ಲ ಹೂವಿನ ಹಾರದ ಚಿತ್ರ. ಮರುದಿನದಿಂದ ಆ ಗಾಡಿಗೆ ಏನಾಯಿತು ಎಂದು ಹಿಂದೆ ಬಿದ್ದು ಹೋಗಿ ನೋಡಿದವರು ಅಪರೂಪ. ಮ್ಯಾಲನ್‌ರ ದೊಡ್ಡತನ ನನಗೆ ಕಾಣುವುದು ಅಲ್ಲೇ. ಹೂವಿನ ಹಾರ ಬಾಡಿದ ಮೇಲೂ ಅವರು ಗಾಡಿಯ ಜೊತೆ ಯಾರ್ಡಿಗೆ ಹೋದರು, ಬಾರ್ಜಿಗೆ ಹೋದರು, ನಡುಗಡಲಿಗೆ ಹೋದರು. ಅವರು ನಿಂತದ್ದು ನೀರಿನ ಅಂಚಿನಲ್ಲಿ. ಅಲ್ಲಿಂದ ಮುಂದಿನ ಕೆಲಸ ಮುಳುಗುಗಾರರದು, ಸೋನಾರ್ ಎಳೆಯುವವರದು.

ಒಂದು ಮಾತು ಬಾಕಿ ಉಳಿಯಿತು. ಸ್ಟೇನ್‌ಲೆಸ್ ಬೋಗಿಗಳಲ್ಲಿ ‘ಆರ್ 32’ ಎಂಬ ಮಾದರಿಯವು 1964ರಲ್ಲಿ ಓಡಲು ಶುರುಮಾಡಿದವು. ಹೊಳಪಿಗಾಗಿ ‘ಬ್ರೈಟ್‌ಲೈನರ್’ ಎಂದು ಕರೆಸಿಕೊಂಡವು. ಅವುಗಳಲ್ಲಿ ನೂರಾರು ಬೋಗಿಗಳನ್ನು ಕಡಲಿಗೆ ಹಾಕಿದರು. ಹಾಕದೆ ಉಳಿದ ಅದೇ ಪೀಳಿಗೆಯವು ಹಳಿಯ ಮೇಲೆ 2022ರ ಜನವರಿಯವರೆಗೂ ಜನರನ್ನು ಹೊತ್ತುಕೊಂಡು ಓಡಾಡಿದವು, ಐವತ್ತೇಳು ವರ್ಷ. ಕೊನೆಯ ಓಟದ ದಿನ ಗಾಡಿಯ ತುಂಬ ಕ್ಯಾಮೆರಾ ಹಿಡಿದವರು. ಅಷ್ಟರಲ್ಲಿ ಕಡಲ ಯೋಜನೆ ನಿಂತು ಹನ್ನೆರಡು ವರ್ಷವಾಗಿತ್ತು. ಅವುಗಳಲ್ಲಿ ಹೆಚ್ಚಿನವು ಹೋದದ್ದು ಗುಜರಿಗೆ.